ಜಾರ್ಲತ್‌ನ ಮೂಲೆ

ಆರು ಮಂದಿ ಶವಪೆಟ್ಟಿಗೆಯನ್ನು ಹೆಗಲ ಮೇಲೆ ಸಮ ಮಾಡಿಕೊಂಡು ಚರ್ಚಿನ ಮೆಟ್ಟಿಲಿಳಿಯುತ್ತಿದ್ದಾಗ ಮೇಳದ ಕಮಿಟಿಯ ಕೋಲ್ಮನ್ ಫಾಹಿ, ಟೋಪಿ ಎದೆಗೊತ್ತಿಕೊಂಡು, ಸತ್ತ ಜಾರ್ಲತ್‌ನ ಹೆಂಡತಿ ಡೆಲಿಯಾಳ ಪಕ್ಕಕ್ಕೆ ಬಂದ.

"ನಿಮಗೆ ಸಮಾಧಾನ ಆಗೋ ಸುದ್ದಿ ಡೆಲಿಯಾ," ಎಂದು ಪಿಸುಗುಟ್ಟಿದ. "ಈ ಸಲ ಮೈದಾನದಲ್ಲಿ ಅವರ ಮೂಲೆ ಖಾಲಿ ಬಿಟ್ಟಿಲ್ಲ. ಮಕ್ಕಳು ಕುಣಿಯೋ ಗಾಳಿಕೋಟೆ ಇದೆಯಲ್ಲ, ರಬ್ಬರ್‌ದು, ಅದನ್ನ ಸೀದಾ ಅಲ್ಲೇ ಹಾಕ್ಸಿದೀವಿ. ಮೇಲೆ 'ಜಾರ್ಲತ್‌ನ ಮೂಲೆ' ಅಂತ ಬ್ಯಾನರ್ ಕಟ್ಟಿದೀವಿ."

ಡೆಲಿಯಾಳ ಕಾಲು ಮೆಟ್ಟಿಲ ಮೇಲೇ ನಿಂತುಬಿಟ್ಟಿತು. "ಕುರಿದೊಡ್ಡಿ? ಅದೆಲ್ಲಿ?"

"ಅವರೇ ಇಲ್ಲದ ಮೇಲೆ ಕುರಿ ತೂಕ ಹೇಳೋ ಆಟಕ್ಕೆ ಏನು ರುಚಿ ಹೇಳಿ! ಮಕ್ಕಳು ಹನ್ನೊಂದಕ್ಕೇ ಶುರು ಹಚ್ಕೊಂಡಿವೆ. ನನ್ನ ಮೊಮ್ಮಗಳೂ ಅಲ್ಲೇ ಇದಾಳೆ."

"ಕೋಲ್ಮನ್, ಅಲ್ಲಿ ಬೇಡ..."

"ಇವತ್ತು ನೀವು ಯಾವುದಕ್ಕೂ ತಲೆ ಕೆಡಿಸ್ಕೋಬೇಡಿ," ಎಂದು ಅವಳ ಕೈ ತಟ್ಟಿ, ಗಾಡಿಗಳನ್ನು ತಡೆಯಲು ಅವನು ಮುಂದೆ ಓಡಿದ. ಗಡಿಯಾರದಲ್ಲಿ ಹನ್ನೆರಡೂಕಾಲು. ಅಂದರೆ ಮಕ್ಕಳು ಆ ನೆಲದ ಮೇಲೆ ಕುಣಿಯಲು ತೊಡಗಿ ಆಗಲೇ ಒಂದೂಕಾಲು ಗಂಟೆಯಾಗಿತ್ತು.

* * *

ಮೂವತ್ತೊಂದು ವರ್ಷದ ಹಿಂದೆ ಕಿಲಾರ್ಡನ್ ಊರಿನ ಮೇಳದ ಮೈದಾನದ ಆ ಮೂಲೆಯಲ್ಲಿ ಒಂದು ಹಾಳುಬಾವಿಯಿತ್ತು. ಮೇಳಕ್ಕೆ ಮುಂಚೆ ಅದನ್ನು ತುಂಬಿಸಿಬಿಡು ಎಂದು ಕಮಿಟಿಯವರು ಜಾರ್ಲತ್ ಟಾರ್ಪಿಗೆ ಹೇಳಿದ್ದರು. ಊರಿನ ರಸ್ತೆ ಕೆಲಸದವನು ಅವನೇ. ಎಲ್ಲಿ ಗುಂಡಿ ಬಿದ್ದರೂ ಗುದ್ದಲಿ ಹೊತ್ತು ಹಾಜರು. ಆ ವಾರ ಕಲ್ಲಿನ ಲಾರಿ ಬರಲೇ ಇಲ್ಲ. ಮೇಳ ನಾಳೆ ಎನ್ನುವಾಗ ಅವನು ಹಳೆಯ ಹಲಗೆಗಳನ್ನು ಅಡ್ಡಹಾಕಿ, ಮೇಲೆ ಹುಲ್ಲುಹೆಂಟೆ ಹಾಸಿ, ಚೆನ್ನಾಗಿ ನೀರು ಚಿಮುಕಿಸಿ ಮನೆಗೆ ಬಂದ.

"ಈಗ ಸದ್ಯಕ್ಕೆ ಕಣೇ," ಎಂದಿದ್ದ. "ಸೋಮವಾರ ತುಂಬಿಸ್ತೀನಿ."

ಭಾನುವಾರ ಪಾದ್ರಿಗಳು ಪೂಜೆಯ ಕೊನೆಗೆ, ಎಲ್ಲರೆದುರು, ಬಾವಿ ತುಂಬಿಸಿ ಊರ ಮಕ್ಕಳನ್ನು ಕಾಪಾಡಿದ ಜಾರ್ಲತ್‌ನಿಗೆ ವಂದನೆ ಹೇಳಿಬಿಟ್ಟರು. ಜನ ತಿರುಗಿ ತಿರುಗಿ ನೋಡಿದರು. ಅವನು ಕಿವಿಯವರೆಗೆ ಕೆಂಪಾಗಿ ತಲೆ ತಗ್ಗಿಸಿದ. ಎಂಥ ವಿನಯ ಎಂದುಕೊಂಡರು ಎಲ್ಲರೂ. ಇನ್ನು ಲಾರಿ ಕರೆಸುವುದು ಹೇಗೆ? ಕರೆಸಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಆ ಸೋಮವಾರ ಬರಲೇ ಇಲ್ಲ.

ಅಲ್ಲಿಂದಾಚೆಗೆ ಅವನು ಆ ಮೂಲೆಯ ಕಾವಲುಗಾರನಾದ. ವರ್ಷವಿಡೀ ಮೈದಾನಕ್ಕೆ ಬೀಗ, ಕೀಲಿ ಅವನ ಜೇಬಿನಲ್ಲಿ. ಮೇಳದ ಎರಡು ದಿನ ನಾಲ್ಕು ತಡಿಕೆ ನಿಲ್ಲಿಸಿ, ಒಳಗೊಂದು ಕುರಿ ಬಿಟ್ಟು, ಬೆಳಗಿನಿಂದ ಸಂಜೆಯವರೆಗೆ ಅಲ್ಲಿಂದ ಅಲುಗುತ್ತಿರಲಿಲ್ಲ. ಕುರಿಯ ತೂಕ ಸರಿಯಾಗಿ ಹೇಳಿದವರಿಗೆ ಕುರಿ. ತಡಿಕೆ ಹತ್ತಿದ ಹುಡುಗರಿಗೆ ಬೈಗುಳ. "ಮುದುಕ ಮಕ್ಕಳಿಗಿಂತ ಕುರೀನೇ ಹೆಚ್ಚು ಪ್ರೀತಿ ಮಾಡ್ತಾನೆ," ಎಂದು ಊರು ನಗುತ್ತಿತ್ತು. ನಗಲಿ ಬಿಡು ಎನ್ನುತ್ತಿದ್ದ. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ.

ಡೆಲಿಯಾ ಮೊದಮೊದಲು ಜಗಳವಾಡಿದಳು. ಆಮೇಲೆ ಬೇಡಿಕೊಂಡಳು. ಆಮೇಲೆ ಅವಳೇ ಪ್ರತಿ ಮೇಳಕ್ಕೂ ಟೀ, ಬ್ರೆಡ್ಡು ಕಟ್ಟಿಕೊಂಡು ಹೋಗಿ, ಅವನು ಆ ಕಡೆ ಹೋಗಿ ಬರುವ ಹತ್ತು ನಿಮಿಷ ತಡಿಕೆ ಹಿಡಿದು ನಿಲ್ಲತೊಡಗಿದಳು.

* * *

ಹೆಣದ ಗಾಡಿ ನಡೆಯುವವರ ವೇಗದಲ್ಲೇ ಹೊರಟಿತು. ಅಂಗಡಿಗಳು ಬಾಗಿಲು ಅರ್ಧ ಎಳೆದಿದ್ದವು. ಒಬ್ಬೊಬ್ಬರೇ ಬಂದು ಅವಳ ಕೈ ಅದುಮುತ್ತಿದ್ದರು.

"ದುಃಖದ ಸಂಗತಿ ಡೆಲಿಯಾ."

"ದೊಡ್ಡ ಮನುಷ್ಯ ಕಣಮ್ಮ. ನಮ್ಮ ಮನೆ ಮುಂದಿನ ಗುಂಡಿ ಮುಚ್ಚೋಕೆ ಕ್ರಿಸ್‌ಮಸ್ ದಿನಾನೇ ಬಂದಿದ್ದ."

ಎಲ್ಲ ತಪ್ಪೂ ಅವಳದೇ. ಮೊನ್ನೆ ಸಂಜೆ ಹೆಣ ನೋಡಲು ಬಂದ ಕೋಲ್ಮನ್, ಮೇಳ ನಿಲ್ಲಿಸೋಣವೇ ಎಂದು ಕೇಳಿದ್ದ. ಈ ಊರಿನವರಿಗೊಂದು ರೋಗವಿದೆ. ಮೂರು ಸಲ ಬೇಡ ಅನ್ನದೆ ಯಾರ ಮನೆಯಲ್ಲೂ ಟೀ ಮುಟ್ಟುವುದಿಲ್ಲ. ಇವಳೂ ಅದೇ ಚಾಳಿಗೆ, "ಛೆ ಛೆ, ನಮಗಾಗಿ ಯಾಕೆ ನಿಲ್ಲಿಸ್ತೀರಿ, ನಡೀಲಿ," ಎಂದುಬಿಟ್ಟಿದ್ದಳು. ದೊಡ್ಡಿಯ ಮಾತು ಎತ್ತಿದ್ದಕ್ಕೆ ಅವನು "ಅದರ ಚಿಂತೆ ನಮಗಿರಲಿ" ಎಂದ. ಇವಳು ನಂಬಿದಳು. ಸಾಯುವ ಗಂಡನಿಗೆ, ನಾನು ನೋಡ್ಕೋತೀನಿ ಎಂದು ಮಾತು ಕೊಟ್ಟವಳು, ಹೀಗೆ ನೋಡಿಕೊಂಡಳು!

ಪಕ್ಕದಲ್ಲಿ ಜಾರ್ಲತ್‌ನ ತಂಗಿ ಊನಾ ತೋಳು ಹಿಡಿದು ನಡೆಯುತ್ತಿದ್ದಳು.

"ಊನಾ, ಆ ಗಾಳಿಕೋಟೆ ತೆಗೆಸ್ಬೇಕು. ಈಗಲೇ."

"ಸುಮ್ನಿರೇ. ಜನ ನೋಡ್ತಿದಾರೆ. ಅಣ್ಣನ ಹೆಸರು ಬರೆಸಿದಾರಂತೆ, ನನಗಂತೂ ಅಳು ತಡೆಯೋಕಾಗ್ಲಿಲ್ಲ."

ಹೇಳಿದರೆ ಈ ಪುಣ್ಯಾತ್ಮ ಮಣ್ಣಿಗೆ ಹೋಗುವ ಮೊದಲೇ ಅವನ ಹೆಸರು ಮಣ್ಣಾಗುತ್ತದೆ. ಹೇಳದಿದ್ದರೆ? ಮೂವತ್ತೊಂದು ವರ್ಷ ತಡೆದಿದೆ, ಇನ್ನೊಂದು ಗಂಟೆ ತಡೆಯದೇ? ಹೆಣ ಇಳಿಸಿ ಬಂದು ಕೋಲ್ಮನ್‌ನ ಕಿವಿಯಲ್ಲಿ ಹೇಳಿದರಾಯಿತು. ಹೀಗೆಂದುಕೊಂಡೇ ಅವಳು ಹೆಜ್ಜೆ ಹಾಕಿದಳು. ಆದರೆ ಅಲ್ಲಿ ಇಷ್ಟು ವರ್ಷ ನಿಂತಿದ್ದು ಒಂದು ಕುರಿ ಮಾತ್ರ.

ಮೈದಾನದ ತಿರುವು ಬಂತು. ಹೆಣ ಹಾಯುವುದಕ್ಕೆಂದು ಸಂಗೀತ ನಿಲ್ಲಿಸಿದ್ದರು. ಗೋಡೆಯುದ್ದಕ್ಕೂ ಜನ ಟೋಪಿ ತೆಗೆದು ನಿಂತಿದ್ದರು. ಗಾಳಿಯೂದುವ ಯಂತ್ರ ಮಾತ್ರ ಗುಂಯ್ ಎನ್ನುತ್ತಿತ್ತು. ಗೋಡೆಯ ಮೇಲಿಂದ ಮಕ್ಕಳ ತಲೆಗಳು ಕಾಣುತ್ತಿದ್ದವು. ಏಳುವವು, ಮರೆಯಾಗುವವು. ಕೆಂಪು ಕೂದಲಿನ ಒಬ್ಬ ಹುಡುಗಿ ಎಲ್ಲರಿಗಿಂತ ಎತ್ತರ ಜಿಗಿಯುತ್ತಿದ್ದಳು. ಅವಳ ತಲೆ ಮರೆಯಾದಾಗಲೆಲ್ಲ ಡೆಲಿಯಾಳ ಉಸಿರು ನಿಲ್ಲುತ್ತಿತ್ತು, ಮತ್ತೆ ಕಾಣಿಸಿದಾಗ ಬರುತ್ತಿತ್ತು. ಒಂದು ಸಲ ಅದು ಮರೆಯಾಯಿತು. ಮತ್ತೆ ಏಳಲಿಲ್ಲ.

ಡೆಲಿಯಾ ಊನಾಳ ಕೈ ಕೊಡವಿ ಓಡಿದಳು.

ಎಪ್ಪತ್ತನಾಲ್ಕರ ಮುದುಕಿ, ಕಪ್ಪು ಕೋಟಿನಲ್ಲಿ, ಗೇಟು ನೂಕಿಕೊಂಡು ಒಳನುಗ್ಗಿದಳು. ಕೆಂಪು ಕೂದಲಿನ ಹುಡುಗಿ ಅಂಚಿನಲ್ಲಿ ಕೂತು ಕಾಲುಚೀಲ ಎಳೆದುಕೊಳ್ಳುತ್ತಿದ್ದಳು. ಡೆಲಿಯಾ ಅವಳ ಕಾಲು ಹಿಡಿದು ಸರಕ್ಕನೆ ಹೊರಗೆಳೆದಳು. ಹುಡುಗಿ ಕಿಟಾರನೆ ಕಿರುಚಿದಳು.

"ಇಳೀರೋ! ಎಲ್ಲರೂ ಇಳೀರಿ! ಕೆಳಗೆ ಬಾವಿ ಇದೆ!"

ಕೋಲ್ಮನ್ ಏದುಸಿರುಬಿಡುತ್ತ ಬಂದ. "ಡೆಲಿಯಾ, ಆ ಬಾವಿ ನಿಮ್ಮೋರೇ ತುಂಬಿಸಿದ್ದಲ್ವಾ? ನಮ್ಮಪ್ಪನೇ ಆಗ ಕಮಿಟೀಲಿದ್ರು."

"ದುಃಖಕ್ಕೆ ತಲೆ ಕೆಟ್ಟಿದೆ ಇವಳಿಗೆ," ಎಂದಳು ಹಿಂದಿನಿಂದ ಊನಾ.

ಡೆಲಿಯಾ ಗೇಟಿನತ್ತ ನೋಡಿದಳು. ಹೆಣದ ಗಾಡಿ ಅಲ್ಲೇ ನಿಂತಿತ್ತು. ಊರೆಲ್ಲ ಕೇಳಿಸಿಕೊಳ್ಳುತ್ತಿತ್ತು.

"ತುಂಬಿಸ್ಲಿಲ್ಲ," ಎಂದಳು. "ಹಲಗೆ ಇಟ್ಟು ಹುಲ್ಲು ಹಾಸಿದ. ನಿಮಗೆಲ್ಲ ಸುಳ್ಳು ಹೇಳಿದ. ನಾನೂ ಹೇಳಿದೆ."

ಮಕ್ಕಳನ್ನು ಒಂದೊಂದಾಗಿ ಇಳಿಸಿಕೊಂಡರು. ಗಾಳಿ ಬಿಟ್ಟು ಕೋಟೆಯನ್ನು ಪಕ್ಕಕ್ಕೆಳೆದರು. ಕೋಲ್ಮನ್ ಒಂದು ಉದ್ದನೆಯ ಕಬ್ಬಿಣದ ಗೂಟ ತಂದು, ಅವಳು ತೋರಿಸಿದಲ್ಲಿ ಊರಿ, ಸುತ್ತಿಗೆಯಿಂದ ಹೊಡೆದ. ಎರಡನೇ ಏಟಿಗೆ ಗೂಟ ಇರಲಿಲ್ಲ. ಜನ ಮುಂದೆ ಬಾಗಿದರು. ಎಷ್ಟೋ ಹೊತ್ತಾದ ಮೇಲೆ ಕೆಳಗೆಲ್ಲೋ ನೀರಿನ ಸದ್ದಾಯಿತು.

ಕೋಲ್ಮನ್ ಸುತ್ತಿಗೆ ಕೆಳಗಿಟ್ಟು, ಕೆಂಪು ಕೂದಲಿನ ಹುಡುಗಿಯನ್ನು ಎತ್ತಿ ಅವಚಿಕೊಂಡ. ಅವನ ಮೊಮ್ಮಗಳು ಅವಳೇ. ಡೆಲಿಯಾಳ ಮುಖ ಅವನು ನೋಡಲಿಲ್ಲ.

"ನನ್ನ ಅಣ್ಣನ ಮಾನ ಬೀದೀಲಿ ತೆಗೆದೆಯಲ್ಲೇ," ಎಂದು ಊನಾ ಅತ್ತಳು.

* * *

ಸ್ಮಶಾನದ ಗೇಟಿನಲ್ಲಿ ಆ ಆರು ಜನ ಮತ್ತೆ ಹೆಗಲು ಕೊಡುತ್ತಾರೋ ಇಲ್ಲವೋ ಎಂದು ಡೆಲಿಯಾಳಿಗೆ ಹೆದರಿಕೆಯಿತ್ತು. ಕೊಟ್ಟರು. ಫಾದರ್ ಹೆಶನ್ ಪ್ರಾರ್ಥನೆ ಮುಗಿಸಿದರು. ಪೆಟ್ಟಿಗೆ ಕೆಳಗಿಳಿಯಿತು. ವಾಡಿಕೆಯಂತೆ ಶವಸಂಸ್ಕಾರದವನು ಬಂದು, ಮನೆಯವರ ಕಣ್ಣಿಗೆ ಬೀಳದಿರಲೆಂದು, ತೆರೆದ ಗುಂಡಿಯ ಮೇಲೆ ಹಸಿರು ಹುಲ್ಲಿನಂಥ ಪ್ಲಾಸ್ಟಿಕ್ ಚಾಪೆ ಹಾಸಿದ. ಜನ ಹೊರಡಲು ತಿರುಗಿದರು.

ಡೆಲಿಯಾ ಬಗ್ಗಿ ಆ ಚಾಪೆಯನ್ನು ಎಳೆದು ಆಚೆ ಎಸೆದಳು.

"ಈಗಲೇ ತುಂಬಿ," ಎಂದಳು. "ನನ್ನೆದುರೇ."

"ಸ್ವಲ್ಪ ಹೊತ್ತಾದ ಮೇಲೆ ನಾವೇ ತುಂಬಿಸ್ತೀವಿ ಅಮ್ಮ," ಎಂದ ಅವನು. "ನೀವು ಹೊರಡಿ."

ಅವಳು ಕದಲಲಿಲ್ಲ. ಗೇಟಿನವರೆಗೆ ಹೋಗಿದ್ದ ಕೋಲ್ಮನ್ ನಿಂತ. ಹಿಂದಿರುಗಿ ಬಂದು, ಕೋಟು ಬಿಚ್ಚಿ ಪಕ್ಕದ ಶಿಲುಬೆಗೆ ನೇತುಹಾಕಿ, ಸಲಿಕೆ ಎತ್ತಿಕೊಂಡ. ಇನ್ನಿಬ್ಬರು ಬಂದರು. ಮಣ್ಣು ಧಪಧಪನೆ ಬೀಳತೊಡಗಿತು. ಅದು ನೆಲಕ್ಕೆ ಸಮನಾಗುವವರೆಗೂ ಅವಳು ಅಂಚಿನಲ್ಲೇ ನಿಂತು ನೋಡಿದಳು. ಆಮೇಲೆ ಕಪ್ಪು ಬೂಟಿನ ಒಂದು ಕಾಲನ್ನು ಗಂಡನ ಗೋರಿಯ ಮೇಲಿಟ್ಟು, ಮೈಭಾರವನ್ನೆಲ್ಲ ಹಾಕಿ ಒತ್ತಿದಳು.

"ಇಲ್ಲಿ ಕುಸೀತಿದೆ," ಎಂದಳು. "ಇನ್ನೂ ಸ್ವಲ್ಪ ಹಾಕಪ್ಪ."