ಮುಳುಗದ ಗಳಿಗೆ ಬಟ್ಟಲು

ನಾನು ಒಂದು ಗಳಿಗೆ ಬಟ್ಟಲು. ತಾಮ್ರದ ಮೈ, ತಳದಲ್ಲಿ ಸೂಜಿಮೊನೆಯಷ್ಟು ತೂತು. ತೂತಿನ ಬಟ್ಟಲು ಯಾವ ಕೆಲಸಕ್ಕೆ ಎಂದು ನಗಬೇಡಿ. ನನ್ನನ್ನು ಮಾಡಿದ ವೀರಾಚಾರಿ ಮೈ ತಟ್ಟಿದ್ದು ಒಂದು ಬೆಳಗಿನಲ್ಲಿ. ಆ ತೂತಿಗೆ ಮಾತ್ರ ವಾರವೆಲ್ಲ ತಿಣುಕಾಡಿದ. ನೀರಿನ ಮೇಲೆ ಬಿಟ್ಟರೆ ನಾನು ನಿಧಾನವಾಗಿ ತುಂಬಿ ಮುಳುಗುತ್ತೇನೆ. ಮುಳುಗುವಷ್ಟು ಹೊತ್ತೇ ಒಂದು ಗಳಿಗೆ. ನಿಮ್ಮ ಗಡಿಯಾರದಲ್ಲಿ ಇಪ್ಪತ್ತನಾಲ್ಕು ನಿಮಿಷ. ಸಂಸ್ಕೃತದ ಘಟಿಕೆ ಎಂದರೆ ಪುಟ್ಟ ಗಡಿಗೆ; ಅದೇ ಕನ್ನಡಿಗರ ಬಾಯಲ್ಲಿ ಗಳಿಗೆಯಾಯಿತು. ಹೊತ್ತಿಗೆ ಹೆಸರು ಕೊಟ್ಟದ್ದು ನಮ್ಮ ಮನೆತನ. ಈ ಜಂಬ ಒಂದೇ ನನಗೆ ಉಳಿದಿರುವುದು.

ಹೊಳೆದಂಡೆಯ ಊರಿನ ನರಹರಿ ಜೋಯಿಸರು ನನ್ನನ್ನು ಮದುವೆಮನೆಗಳಿಗೆ ಒಯ್ಯುತ್ತಿದ್ದರು. ನಾನು ಮುಳುಗುವವರೆಗೆ ವಾಲಗದವರೂ ಕಾಯಬೇಕಿತ್ತು. ಮನೆಗೆ ಬಂದರೆ ಅವರ ಹೆಂಡತಿ ಭಾಗೀರಥಮ್ಮ ಭಕ್ತಿಯಿಂದ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಉಜ್ಜಿ ಉಜ್ಜಿ ತೂತು ದೊಡ್ಡದಾಯಿತು. ಭಕ್ತಿಗೂ ಒಂದು ಮಿತಿ ಬೇಡವೇ? ನಾನು ಬೇಗ ಬೇಗ ಮುಳುಗತೊಡಗಿದೆ. ಅಷ್ಟರಲ್ಲಿ ಗೋಡೆ ಗಡಿಯಾರ ಬಂದಿತ್ತು; ಜೋಯಿಸರೂ ಅವರ ಹೆಂಡತಿಯೂ ತೀರಿಕೊಂಡರು. ನಾನು ಮೊಮ್ಮಗಳು ಶಾರಿಯ ಆಟಿಕೆಯಾದೆ. ಜನರ ಬಾಯಲ್ಲಿ ಗಳಿಗೆ ಎಂದರೆ ಸುಮ್ಮನೆ ಸ್ವಲ್ಪ ಹೊತ್ತು ಎಂದಾಗಿತ್ತು. ಶಾರಿಗೆ ಮಾತ್ರ ಗಳಿಗೆ ಎಂದರೆ ನಾನೇ.

ಹೊಳೆ ತುಂಬಿದ ಆಷಾಢದಲ್ಲಿ ಶಾರಿಗೆ ಜ್ವರ ಬಂತು. ಒಂದು ಮಧ್ಯಾಹ್ನ ಮೇಲುಸಿರು ಶುರುವಾಯಿತು. ಡಾಕ್ಟರನ್ನು ಕರೆತರಲು ಅವಳಪ್ಪ ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋದ.

"ಅಪ್ಪ ಯಾವಾಗ ಬರ್ತಾರಮ್ಮ?"

"ಇನ್ನೊಂದ್ ಗಳಿಗೆ ಕಣೇ ಕಂದ, ಬಂದ್ಬಿಡ್ತಾರೆ," ಎಂದಳು ತಾಯಿ ಜಾನಕಿ.

ಶಾರಿ ನನ್ನನ್ನು ಬೇಕೆಂದಳು. ಜಾನಕಿ ಹಾಸಿಗೆಯ ಪಕ್ಕ ಬೋಗುಣಿಯಲ್ಲಿ ನೀರಿಟ್ಟು ನನ್ನನ್ನು ತೇಲಿಬಿಟ್ಟಳು. ನಾನು ಮುಳುಗಿದೆ.

"ಗಳಿಗೆ ಆಯ್ತಲ್ಲಮ್ಮ. ಎಲ್ಲಿ ಅಪ್ಪ?"

ಎತ್ತಿ ಮತ್ತೆ ಬಿಟ್ಟಳು. ಮತ್ತೆ ಮುಳುಗಿದೆ. ಪ್ರತಿ ಸಲವೂ ಮಗು ಬಾಗಿಲ ಕಡೆ ನೋಡುತ್ತಿತ್ತು. ಇನ್ನಷ್ಟು ಹೊತ್ತು ತೇಲಲಾರದ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕೊನೆಗೆ ಜಾನಕಿ ಒಳಗೆ ಹೋಗಿ, ಸೋರುವ ಕೊಡಕ್ಕೆ ಮೆತ್ತುವ ಮೇಣ ತಂದು, ಮಗುವಿಗೆ ಕಾಣದಂತೆ ನನ್ನ ತೂತಿಗೆ ಒತ್ತಿದಳು.

"ನೋಡು, ಮುಳುಗೇ ಇಲ್ಲ. ಇನ್ನೂ ಹೊತ್ತಿದೆ ಕಣಮ್ಮ."

"ಹ್ಞೂಂ," ಎಂದ ಶಾರಿ ನನ್ನನ್ನೇ ನೋಡುತ್ತ ಮಲಗಿದಳು.

ಡಾಕ್ಟರು ಬಂದು ನಾಡಿ ಹಿಡಿದು, ಆ ಪುಟ್ಟ ಕೈಯನ್ನು ಮೆಲ್ಲಗೆ ಕೆಳಗಿಟ್ಟರು. ನಾನು ತೇಲುತ್ತಲೇ ಇದ್ದೆ.

ಈಗ ಅಟ್ಟದ ಮೂಲೆಯಲ್ಲಿದ್ದೇನೆ. ಮೈತುಂಬ ಕಿಲುಬು. ಜಾನಕಿ ಇರುವವರೆಗೆ ಆ ಮೇಣ ಮುಟ್ಟಲು ಯಾರನ್ನೂ ಬಿಡಲಿಲ್ಲ. ಈಗ ಅವಳೂ ಇಲ್ಲ. ಕೆಳಗೆ ಯಾರೋ ಯಾರಿಗೋ, "ಒಂದ್ ಗಳಿಗೆ ಇರಿ, ಬಂದೆ," ಎನ್ನುವುದು ಕೇಳಿಸುತ್ತದೆ. ಎಷ್ಟು ಸಲೀಸಾಗಿ ಹೇಳುತ್ತಾರೆ! ಶಾರಿಯ ಗಳಿಗೆ ಇನ್ನೂ ಮುಗಿದಿಲ್ಲ. ಯಾರಾದರೂ ಈ ಮೇಣ ಕೀಳಿ. ನನಗೆ ಮುಳುಗಬೇಕಾಗಿದೆ.