ತಂತಿಯ ಮೇಲಿನ ಕೆಂಪು ಕೌದಿ

ನೆಂಟರು ಬಂದಾಗಲೇ ನಮ್ಮೂರನ್ನು ನಾವು ನೋಡುವುದು. ಚಟನೂಗಾದವರ ಹಣೆಬರಹವೇ ಅಷ್ಟು. ಸುತ್ತ ಬೆಟ್ಟ, ನಡುವೆ ಹೊಳೆ. ದೇಶದ ಮೂಲೆಮೂಲೆಯಿಂದ ಜನ ದುಡ್ಡು ಸುರಿದು ನೋಡಲು ಬರುತ್ತಾರೆ. ಲುಕೌಟ್ ಬೆಟ್ಟದ ಬುಡದಲ್ಲೇ ಹುಟ್ಟಿ ಎಪ್ಪತ್ತು ದಾಟಿದ ವರ್ಡೆಲ್ ಟಿಬ್ಸ್ ಮಾತ್ರ ಒಂದು ದಿನವೂ ಅದರ ತುದಿ ಹತ್ತಿರಲಿಲ್ಲ. ಯಾರಾದರೂ ಕೇಳಿದರೆ ಮಂಡಿನೋವು ಎನ್ನುತ್ತಿದ್ದಳು. ಮೇಲಕ್ಕೆ ಇಳಿಜಾರು ರೈಲಿದೆ, ಕೂತರೆ ಸಾಕು, ಮಂಡಿಗೆ ಅಲ್ಲೇನು ಕೆಲಸ? ನಿಜ ಸಂಗತಿಯೆಂದರೆ ಅವಳಿಗೆ ಭಯ. ಮೇಲಿನ ಕಟಕಟೆಯ ಹತ್ತಿರ ನಿಂತು ಕೆಳಗೆ ನೋಡಿದಾಗ ತನ್ನ ಮನೆಯ ಹಿತ್ತಲು ಕಂಡುಬಿಟ್ಟರೆ ಏನು ಗತಿ ಎಂಬ ಭಯ.

ಆ ಬೇಸಿಗೆಯಲ್ಲಿ ಕುಟುಂಬದ ಕೂಟ ಅವಳ ಪಾಲಿಗೆ ಬಂದಿತ್ತು. ನಮ್ಮ ಕರಿಯರ ಮನೆತನಗಳಲ್ಲಿ ಅದೊಂದು ಕ್ರಮ. ಒಂದು ಕಾಲದಲ್ಲಿ ಹೊಟ್ಟೆಪಾಡಿಗೆ ಉತ್ತರಕ್ಕೆ ಚದುರಿಹೋದವರೆಲ್ಲ ಬೇಸಿಗೆಯಲ್ಲಿ ಒಂದೆಡೆ ಸೇರುತ್ತಾರೆ. ಶುಕ್ರವಾರ ಹುರಿದ ಮೀನಿನ ಊಟ, ಶನಿವಾರ ಊರು ಸುತ್ತಾಟ, ಭಾನುವಾರ ಚರ್ಚು ಮತ್ತು ಹಿರಿಯರ ಸಮಾಧಿ. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಬೆನ್ನಮೇಲೆ ತೀರಿಹೋದ ಹಿರಿಯರ ಹೆಸರು. ವರ್ಡೆಲ್ ಈ ಸಲ ಹಳದಿ ಅಂಗಿ ಮಾಡಿಸಿದ್ದಳು. ಬೆನ್ನಮೇಲೆ ಅಮ್ಮ ಕೊರಿನ್‌ಳ ಹೆಸರಿನ ಕೆಳಗೆ ಅಪ್ಪ ಅಮೋಸ್ ಟಿಬ್ಸ್‌ನ ಹೆಸರನ್ನೂ ಮೊದಲ ಸಲ ಹಾಕಿಸಿದ್ದಳು. ಕೆಣಕಿ ಹೊಡೆಸಿಕೊಳ್ಳುವುದು ಎಂದರೆ ಇದೇ.

ಡೆಟ್ರಾಯಿಟ್‌ನಿಂದ ಚಿಕ್ಕಮ್ಮ ಲುವಿನಿಯಾ ನೀಲಿ ರವಿಕೆ ತೊಟ್ಟೇ ಬಂದಿಳಿದಳು. ಗಾಲಿಕುರ್ಚಿಯಲ್ಲಿ ಕೂತಿದ್ದರೂ ಬೆನ್ನು ಬಾಗಿರಲಿಲ್ಲ, ನಾಲಿಗೆಯಂತೂ ಮೊದಲೇ ಬಾಗುವಂಥದ್ದಲ್ಲ. ವರ್ಡೆಲ್ ಅಂಗಿ ಹಿಡಿದು ಹೋದರೆ ಆಕೆ ಅದನ್ನು ತಿರುಗಿಸಿ ಹೆಸರುಗಳನ್ನು ಓದಿ ಮಡಚಿ ವಾಪಸು ಕೊಟ್ಟಳು.

"ನನ್ನ ಅಕ್ಕನ್ನ ಸಾಯೋಕ್ ಬಿಟ್ಟವನ ಹೆಸರು ಬೆನ್ನ್ ಮೇಲೆ ಹೊತ್ಕೊಂಡು ನಾನು ತಿರುಗಲ್ಲ ಮಗಾ. ನೀನು ಬೇಕಾದ್ರೆ ಹೊತ್ಕೋ, ನಿನಗೆ ಅಪ್ಪ."

ಕತೆ ಹಳೆಯದು. ವರ್ಡೆಲ್ ಹುಟ್ಟುವ ಕಾಲಕ್ಕೆ ಅಮೋಸ್ ಬೆಟ್ಟದ ತುದಿಯ ದೊಡ್ಡ ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದ. ದಿನಾ ಮಧ್ಯಾಹ್ನ ತಾನು ಮುಂದಿನ ಕಟಕಟೆಯ ಹತ್ತಿರ ನಿಂತು ರೊಟ್ಟಿ ತಿನ್ನುತ್ತೇನೆ, ಅಲ್ಲಿಂದ ನಮ್ಮ ಹಿತ್ತಲು ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ ಎಂದು ಹೆಂಡತಿಗೆ ಹೇಳುತ್ತಿದ್ದನಂತೆ. ಸುಮ್ಮನೆ ಹೇಳಿದ್ದಲ್ಲ, ರುಜುವಾತು ಬೇರೆ. ಸಂಜೆ ಬಂದು, ಇವತ್ತು ನನ್ನ ಅಂಗಿಯನ್ನು ತಲೆಕೆಳಗಾಗಿ ನೇತುಹಾಕಿದ್ದೆಯಲ್ಲ ಎಂದರೆ ಅದು ನಿಜವೇ ಆಗಿರುತ್ತಿತ್ತು. ಕೊರಿನ್ ನಗುತ್ತಿದ್ದಳು. ಹಾಗಾಗಿ ಗಂಡಹೆಂಡಿರು ಒಂದು ಗುರುತು ಮಾಡಿಕೊಂಡರು. ಹೆರಿಗೆನೋವು ಶುರುವಾದರೆ ತಂತಿಯ ಮೇಲೆ ಕೆಂಪು ಕೌದಿ ಹಾಕುವುದು. ಕಂಡ ಕೂಡಲೇ ಅವನು ಸ್ನೇಹಿತನ ಗಾಡಿ ತೆಗೆದುಕೊಂಡು ಇಳಿದು ಬರುವುದು. ಓಣಿಯಲ್ಲಿ ಫೋನೂ ಇರಲಿಲ್ಲ, ಗಾಡಿಯೂ ಇರಲಿಲ್ಲ.

ಕೌದಿ ಹಾಕಿದ್ದು ಲುವಿನಿಯಾ. ಅಕ್ಕನ ಆರೈಕೆಗೆ ಬಂದಿದ್ದ ಹುಡುಗಿ, ಆಗಿನ್ನೂ ಎರಡು ಜಡೆ. ಬೆಳಗ್ಗೆಯೇ ಹಾಕಿದಳು. ಮಧ್ಯಾಹ್ನವಾಯಿತು, ಮಗು ಹುಟ್ಟಿತು, ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ಆಸ್ಪತ್ರೆ ಆಸ್ಪತ್ರೆ ಎಂದು ಬಡಿದುಕೊಂಡಳು. ಹುಡುಗಿ ಹಿತ್ತಲಲ್ಲಿ ನಿಂತು ಬೆಟ್ಟದ ಕಡೆ ನೋಡುತ್ತಲೇ ಇದ್ದಳು. ಅಮೋಸ್ ದಿನಾ ಬರುವ ಸಂಜೆಯ ಹೊತ್ತಿಗೇ ಬಂದ, ನಡೆದುಕೊಂಡೇ ಬಂದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಟ್ಟದ ಮೇಲೆ ಮಂಜು ಕವಿದಿತ್ತು, ಏನೂ ಕಾಣಲಿಲ್ಲ ಎಂದನಂತೆ. ಮಂಜು ಎಲ್ಲಿತ್ತು? ಅವತ್ತು ಸುಡುವ ಬಿಸಿಲು. ಆ ಒಂದು ಸುಳ್ಳನ್ನು ಲುವಿನಿಯಾ ತನ್ನ ಜೊತೆ ಡೆಟ್ರಾಯಿಟ್‌ಗೆ ಒಯ್ದಳು, ಮದುವೆಯಾದಳು, ಮಕ್ಕಳನ್ನು ಹೆತ್ತಳು, ಗಂಡನನ್ನು ಮಣ್ಣುಮಾಡಿದಳು. ಸುಳ್ಳು ಮಾತ್ರ ಹಾಗೇ ಇತ್ತು.

ಅಮೋಸ್ ಮತ್ತೆ ಮದುವೆಯಾಗಲಿಲ್ಲ. ಮಗಳಿಗೆ ಜಡೆ ಹಾಕಿದ, ಜೋಳದ ರೊಟ್ಟಿ ಬೇಯಿಸಿದ, ಬಟ್ಟೆಯನ್ನು ಮಾತ್ರ ಸಾಯುವವರೆಗೆ ಮನೆಯೊಳಗೇ ಒಣಹಾಕಿದ. ಅಂಥವನು ಕಂಡೂ ಬರದೇ ಇದ್ದನೆಂದು ವರ್ಡೆಲ್ ಹೇಗೆ ನಂಬಿಯಾಳು? ಆದರೆ ಇಲ್ಲದ ಮಂಜನ್ನು ಅವನು ಯಾಕೆ ಹೇಳಿದ?

ಶುಕ್ರವಾರದ ಮೀನೂಟದ ನಡುವೆ ಚಿಕ್ಕಮ್ಮನೇ ಮಾತು ತೆಗೆದಳು. ನಾಳೆ ಎಲ್ಲರೂ ಬೆಟ್ಟ ಹತ್ತುತ್ತೀರಲ್ಲ, ನಾನೂ ಬರುತ್ತೇನೆ. ಆ ಕೌದಿ ಇನ್ನೂ ಇದೆಯಷ್ಟೆ? ತಂತಿಯ ಮೇಲೆ ಹಾಕಿಸು. ಕಾಣದಿದ್ದರೆ ನಾನು ಈ ಅಂಗಿ ತೊಟ್ಟು ಭಾನುವಾರ ಅಮೋಸನ ಸಮಾಧಿಗೆ ಬಂದು ಕ್ಷಮೆ ಕೇಳುತ್ತೇನೆ. ಕಂಡರೆ ನನ್ನ ಮಕ್ಕಳು ಮೊಮ್ಮಕ್ಕಳೆಲ್ಲ ಇದನ್ನು ಬಿಚ್ಚಿಡಬೇಕು. ಮೇಜಿನ ಸುತ್ತ ಕೂತ ಹಳದಿ ಅಂಗಿಗಳೆಲ್ಲ ಬಾಯಲ್ಲಿದ್ದ ಮೀನನ್ನು ಅಗಿಯದೆ ವರ್ಡೆಲ್‌ಳ ಮುಖ ನೋಡಿದವು. ಅವಳು ಆಗಲಿ ಎಂದಳು. ಹೂಂ ಎನ್ನದೆ ಇನ್ನೇನು ಮಾಡಿಯಾಳು?

ಬೆಳಗ್ಗೆ ವರ್ಡೆಲ್‌ಳ ಮಗಳು ಶನೀಸ್‌ಳನ್ನು ಕೌದಿ ಹಾಕಲು ಮನೆಯಲ್ಲಿ ಬಿಟ್ಟು ಎಲ್ಲರೂ ಹೊರಟರು. ಇಳಿಜಾರು ರೈಲು ಮರಗಳ ನಡುವೆ ಸೊಂಯ್ ಎಂದು ಮೇಲೇರಿತು. ತುದಿಯಲ್ಲಿ ಹಳೆಯ ಯುದ್ಧದ ಫಿರಂಗಿಗಳ ಮೇಲೆ ಮಕ್ಕಳು ಕುದುರೆಯೇರಿದಂತೆ ಕೂತವು. ಆಗಿನ ಹೋಟೆಲು ಈಗ ವಸ್ತುಸಂಗ್ರಹಾಲಯ. ಮುಂದಿನ ಅಂಗಳ, ಕಲ್ಲಿನ ಕಟಕಟೆ ಮಾತ್ರ ಹಾಗೇ ಇವೆ. ಅಲ್ಲಿಂದ ಏಳು ರಾಜ್ಯ ಕಾಣುತ್ತವೆಂದು ಬರೆದಿತ್ತು. ಲುವಿನಿಯಾಳ ಮಗ ಡೆಲ್ಮಾರ್ ಕಣ್ಣಿಗೆ ಕೈ ಅಡ್ಡಹಿಡಿದು ನೋಡಿ, ಏಳು ಕಾಣಬೇಕಾದರೆ ಬೆಳಗ್ಗೆಯೇ ಸ್ವಲ್ಪ ಹಾಕಿಕೊಂಡು ಬರಬೇಕು ಎಂದ.

ಲುವಿನಿಯಾಳಿಗೆ ದುರ್ಬೀನು ಬೇಕಾಗಲಿಲ್ಲ. ಹೋದ ವರ್ಷವಷ್ಟೇ ಪೊರೆ ತೆಗೆಸಿಕೊಂಡ ಕಣ್ಣು. ಕಟಕಟೆ ಹಿಡಿದು ಎದ್ದು ನಿಂತು ಹೊಳೆಯ ತಿರುವು, ರೈಲುದಾರಿ, ಚರ್ಚಿನ ಗೋಪುರ ಎಂದು ಕಣ್ಣಲ್ಲೇ ದಾರಿ ಹಿಡಿದು ಬಂದಳು. ಅಲ್ಲಿತ್ತು. ಅನ್ನದ ತಟ್ಟೆಯಲ್ಲಿ ಬಿದ್ದ ಮೆಣಸಿನಕಾಯಿ ಚೂರಿನ ಹಾಗೆ, ಚಿಕ್ಕದಾಗಿ, ಕೆಂಪಗೆ. ವರ್ಡೆಲ್‌ಗೂ ಕಂಡಿತು. ಕಾಣದ ಹಾಗೆ ನಟಿಸೋಣವೆಂದು ಒಂದು ಗಳಿಗೆ ಅನಿಸಿದ್ದೂ ನಿಜ. ಆದರೆ ಕಣ್ಣಲ್ಲಿ ಆಗಲೇ ನೀರು ಬಂದಿತ್ತು.

"ಕಾಣ್ತಲ್ಲ," ಎಂದಳು ಚಿಕ್ಕಮ್ಮ. ಗೆದ್ದವಳ ದನಿ ಅದಲ್ಲ. "ಕಾಣ್ದೆ ಇರ್ಲಿ ಅಂತ ನಾನೂ ಬೇಡ್ಕೊಂಡಿದ್ದೆ ಕಣೆ."

ಎಲ್ಲರೂ ಹಿಂದಿರುಗುವಾಗ ಚಿಕ್ಕಮ್ಮ ಮುಖ ತೊಳೆಯಬೇಕೆಂದಳು. ಶೌಚಾಲಯ ಕಟ್ಟಡದ ಹಿಂಬದಿಯಲ್ಲಿತ್ತು. ಹೋಟೆಲಿನ ಹಳೆಯ ಒಗೆಯುವ ಕೋಣೆಯನ್ನೇ ಹಾಗೆ ಮಾಡಿದ್ದರು. ಅಂದಕ್ಕೆಂದು ಒಂದು ಹಂಡೆಯನ್ನೂ ಇಸ್ತ್ರಿ ಮೇಜನ್ನೂ ಹೊರಗಿನ ಪಡಸಾಲೆಯಲ್ಲಿ ಬಿಟ್ಟಿದ್ದರು. ಪಡಸಾಲೆಗೆ ಒಂದೇ ಕಿಟಕಿ. ಲುವಿನಿಯಾ ಮುಖ ಒರೆಸಿಕೊಳ್ಳುತ್ತ ಕುರ್ಚಿಯನ್ನು ಅದರ ಹತ್ತಿರ ತಳ್ಳಿಸಿಕೊಂಡಳು. ಹೊರಗೆ ಬಂಡೆ. ಕೈಚಾಚಿದರೆ ಮುಟ್ಟುವಷ್ಟು ಹತ್ತಿರ, ಹಸಿರು ಪಾಚಿ ಹಿಡಿದ ಬಂಡೆ. ಅದರ ಪಕ್ಕ ಕೆಲಸದವರು ಕಾಡಿನೊಳಗೆ ಇಳಿದುಹೋಗುತ್ತಿದ್ದ ಹಳೆಯ ಕಾಲುದಾರಿ.

"ನಮ್ಮನೆ ಯಾವ ಕಡೆ ಇಲ್ಲಿಂದ?" ಎಂದು ಕೇಳಿದಳು.

ವರ್ಡೆಲ್ ಬೆನ್ನ ಹಿಂದಿನ ಗೋಡೆ ತೋರಿಸಿದಳು. ಡೆಲ್ಮಾರ್ ನಡುವೆ ಬಾಯಿಹಾಕಿದ. ಕೋಣೆಯಿಂದ ಕಾಣದಿದ್ದರೇನು, ಊಟದ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ನಡೆದು ಮುಂದಿನ ಕಟಕಟೆಗೆ ಹೋಗಬಹುದಿತ್ತಲ್ಲ ಎಂದ.

ಲುವಿನಿಯಾ ಮಗನ ಮೇಲೆ ಹರಿಹಾಯ್ದಳು. "ಎಲ್ಲಿ ಹುಟ್ಟಿದೀಯೋ ನೀನು? ಬಿಳಿ ಹೆಂಗಸ್ರು ಟೊಪ್ಪಿ ಹಾಕ್ಕೊಂಡು ಚಾ ಕುಡಿಯೋ ಜಾಗಕ್ಕೆ, ಒದ್ದೆ ಏಪ್ರನ್ ಕಟ್ಕೊಂಡ ಕರಿಯ ಹೋಗಿ ನಿಂತು ರೊಟ್ಟಿ ತಿಂತಾನಾ? ಆ ಕಾಲ್ದಲ್ಲಿ? ನಾಯಿ ಥರ ಅಟ್ಟೋರು..."

ತನ್ನ ಬಾಯಿಂದಲೇ ಬಂದದ್ದನ್ನು ಆಕೆ ಆಗ ಕೇಳಿಸಿಕೊಂಡಳು. ಎರಡು ಜಡೆಯ ಹುಡುಗಿ ನಂಬಿದ್ದನ್ನು ಎಂಬತ್ತು ದಾಟಿದ ಮುದುಕಿ ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

"ಮತ್ತೆ ಅಂಗಿ ತಲೆಕೆಳಗಾಗಿ ಹಾಕಿದ್ದು ಅವನಿಗೆ ಹೆಂಗೆ ಗೊತ್ತಾಗ್ತಿತ್ತು?" ಎಂದಳು ಕೊನೆಗೆ, ಬಹಳ ಮೆಲ್ಲಗೆ.

ವರ್ಡೆಲ್ ಇಸ್ತ್ರಿ ಮೇಜಿನ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳಿಗೆ ಅಪ್ಪನ ಬೆರಳು ನೆನಪಾಯಿತು. ಒಣಗಿದ ಬಟ್ಟೆ ಮಡಿಸುವಾಗ ಅವನು ಅಂಚನ್ನು ಸವರಿ, ತಂತಿಗೆ ಸಿಕ್ಕಿಸುವ ಚಿಮಟ ಕಚ್ಚಿದ ಗುರುತು ಹುಡುಕುತ್ತಿದ್ದ. ಗುರುತು ಕೆಳ ಅಂಚಿನಲ್ಲಿದ್ದರೆ ಅಂಗಿ ತಲೆಕೆಳಗಾಗಿ ನೇತಾಡಿತ್ತೆಂದು ಅರ್ಥ. ಅಗಸನಿಗೆ ಅಷ್ಟೂ ತಿಳಿಯದೇ?

"ಚಿಮಟದ ಗುರುತು ನೋಡಿ ಹೇಳ್ತಿದ್ದ ಚಿಕ್ಕಮ್ಮ. ಅಮ್ಮ ನಗ್ಲಿ ಅಂತ."

ಹೆಂಡತಿಯೆದುರು ದೊಡ್ಡವನಾಗಲು ಆಡಿದ ಒಂದು ಬಡಾಯಿ. ಯಾವ ಗಂಡ ಆಡುವುದಿಲ್ಲ? ಗುರುತು ಮಾಡಿಕೊಳ್ಳುವಾಗ ಅವನು ನಿಜ ಹೇಳಿಬಿಡಬೇಕಿತ್ತು, ತಪ್ಪು ಅವನದೇ. ಅಂದು ಯಾರ ಕಣ್ಣೋ ತಪ್ಪಿಸಿ ಕಟಕಟೆಗೆ ಹೋಗಲು ನೋಡಿದ್ದನೋ ಏನೋ, ಅದು ಅವನಿಗೇ ಗೊತ್ತು. ಸತ್ತ ಹೆಂಡತಿಯ ಪಕ್ಕದಲ್ಲಿ ನಿಂತು, ನನ್ನನ್ನು ಮುಂದಿನ ಅಂಗಳಕ್ಕೇ ಬಿಡುವುದಿಲ್ಲ ಎನ್ನಲು ನಾಲಿಗೆ ಏಳದೆ ಮಂಜು ಎಂದುಬಿಟ್ಟ. ಮಗಳಿಗೂ ಹೇಳಲಿಲ್ಲ. ವರ್ಡೆಲ್‌ಗೆ ಅಪ್ಪನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಮರುಕ ಬಂತು. ಎರಡೂ ಸೇರಿ ಅವಳು ಗಟ್ಟಿಯಾಗಿ ಅತ್ತಳು. ಶೌಚಾಲಯಕ್ಕೆ ಬಂದಿದ್ದ ಪ್ರವಾಸಿಗಳು ಬದಿಗೆ ಸರಿದು ಹೋದರು.

ಅಷ್ಟರಲ್ಲಿ ಡೆಲ್ಮಾರ್‌ನ ಫೋನು ಬಡಿದುಕೊಂಡಿತು. ಶನೀಸ್. ಮೋಡವಾಗಿದೆ, ಹಳೇ ಬಟ್ಟೆ, ನೆನೆದರೆ ಹರಿದುಹೋಗುತ್ತದೆ, ಕೌದಿ ಇನ್ನೂ ಹೊರಗೇ ಇರಲೋ ಒಳಗೆ ತರಲೋ ಎಂದು ಕೇಳುತ್ತಿದ್ದಳು. ಅವನು ತಾಯಿಯ ಕಡೆ ನೋಡಿದ.

ಲುವಿನಿಯಾ ಕಿಟಕಿಯಾಚೆಯ ಬಂಡೆಯಿಂದ ಕಣ್ಣು ತೆಗೆಯಲಿಲ್ಲ. "ಒಳಗೆ ತರೋಕ್ ಹೇಳು," ಎಂದಳು. "ಬೆಳಗ್ಗಿಂದ ಪಾಪ ಸುಮ್ನೆ ನೇತಾಡ್ತಾ ಇದೆ. ಅವನಿಗೆ ಇಲ್ಲಿಂದ ಕಾಣಲ್ಲ."

ಆಮೇಲೆ ವರ್ಡೆಲ್ ಕಡೆ ಕೈಚಾಚಿ, ಆ ಅಂಗಿ ಎಲ್ಲಿ ಎಂದು ಕೇಳಿದಳು. ವರ್ಡೆಲ್ ಚೀಲದಿಂದ ತೆಗೆದುಕೊಟ್ಟಳು. ನೀಲಿ ರವಿಕೆಯ ಮೇಲೇ ಅದನ್ನು ಎಳೆದುಕೊಳ್ಳುತ್ತ, ತೋಳು ಸಿಕ್ಕಿಕೊಂಡಾಗ ಮುದುಕಿ ಒಳಗಿನಿಂದಲೇ ಗೊಣಗಿದಳು.

"ಯಾರ ಅಳತೆಗೆ ಹೊಲಿಸಿದ್ಯೇ ಇದನ್ನ, ಕೋಳಿಮರಿಗಾ? ಎಳಿ ಕೆಳಗೆ. ಬೆನ್ನ್ ಮೇಲಿರೋ ಹೆಸರು ಮುದುರ್ಕೋಬಾರ್ದು."