ಕೌಂಟರಿನ ಹಿಂದಿನ ಕಪಾಟು

"ನಿಮ್ಮ ಪತ್ರದಲ್ಲಿದ್ದದ್ದಕ್ಕೆಲ್ಲ ಉತ್ತರ ಬಂತು, ಕೌವಿಯವರೇ. ಇನ್ನೇನಾದರೂ ಹೇಳೋದಿದೆಯಾ? ಇಲ್ಲಾಂದ್ರೆ ಆಕ್ಷೇಪಣೆ ವಾಪಸ್ ತಗೋಬಹುದು" ಎಂದು ಪರವಾನಗಿ ಮಂಡಳಿಯ ಅಧ್ಯಕ್ಷ ಫರ್ಕರ್ ಕನ್ನಡಕದ ಮೇಲಿನಿಂದ ನೋಡಿದರು.

ವಿಲ್ಮಾ ಕೌವಿ ಇನ್ನೂ ನಿಂತೇ ಇದ್ದಳು. ತನ್ನ ಕೇರಿಯ ದಿನಸಿ ಅಂಗಡಿಗೆ ಮದ್ಯದ ಪರವಾನಗಿ ಕೊಟ್ಟರೆ ಹುಡುಗರು ಬೀದಿಯಲ್ಲಿ ಗುಂಪುಗೂಡಿ ಗಲಾಟೆ ಮಾಡುತ್ತಾರೆ ಎಂದು ಅವಳು ಬರೆದಿದ್ದಳು. ಅಂಗಡಿಯ ಪರ ಬಂದಿದ್ದ ವಕೀಲ ಅದನ್ನು ಐದೇ ನಿಮಿಷದಲ್ಲಿ ತಳ್ಳಿಹಾಕಿದ್ದ. ಪೊಲೀಸರ ತಕರಾರಿಲ್ಲ; ಬಂದರಿನ ಬದಿಯ ಆ ಕೇರಿಯಲ್ಲಿ ಹುಡುಗರೇ ಉಳಿದಿಲ್ಲ, ಇರುವವರೆಲ್ಲ ಪಿಂಚಣಿಯವರು ಎಂದಾಗ ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತ್ತು.

ಅಂಗಡಿಯ ಒಡತಿ ಇಶ್ಬೆಲ್ ಮೇರ್ ಮಾತ್ರ ನಕ್ಕಿರಲಿಲ್ಲ. ಎರಡು ಕುರ್ಚಿ ಆಚೆ, ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಯಾರೇ ಆಕ್ಷೇಪಣೆ ಸಲ್ಲಿಸಲಿ, ಅದರ ಪ್ರತಿ ಹೆಸರು ಸಮೇತ ಅರ್ಜಿದಾರರಿಗೆ ಹೋಗುತ್ತದೆ. ಅದು ಇಶ್ಬೆಲ್ ಕೈಸೇರಿದ ದಿನ ವಿಲ್ಮಾ ಎಂದಿನಂತೆ ಅಂಗಡಿಗೆ ಹಾಲು ತರಲು ಹೋಗಿದ್ದಳು. "ಆರು ವರ್ಷದಿಂದ ದಿನಾ ಇಲ್ಲಿ ನಿಂತು ಟೀ ಕುಡೀತೀಯ. ಇದನ್ನ ಬಾಯಿಬಿಟ್ಟು ಹೇಳೋಕಾಗ್ಲಿಲ್ವಾ ನಿಂಗೆ?" ಎಂದು ಇಶ್ಬೆಲ್ ಕೇಳಿದ್ದಳು. ವಿಲ್ಮಾ ಹಾಲು ತೆಗೆದುಕೊಂಡು ಬಂದುಬಿಟ್ಟಿದ್ದಳು. ಆಮೇಲೆ ಇಬ್ಬರ ನಡುವೆ ಹಾಲು, ಬ್ರೆಡ್ಡು ಬಿಟ್ಟು ಬೇರೆ ಮಾತು ಹುಟ್ಟಲಿಲ್ಲ.

ಈಗ ಮಂಡಳಿಯ ಗುಮಾಸ್ತೆ ವಿಲ್ಮಾಳ ಹೆಸರಿನ ಮುಂದೆ ಬರೆಯಲು ಪೆನ್ನು ಎತ್ತಿ ಕಾಯುತ್ತಿದ್ದಳು. ವಾಪಸ್ ಅಂದುಬಿಟ್ಟರೆ ಮುಗಿಯಿತು, ಮನೆಗೆ ಹೋಗಬಹುದು. ವಿಲ್ಮಾ ಮೇಜಿನ ಅಂಚನ್ನು ಹಿಡಿದುಕೊಂಡಳು.

"ಹುಡುಗರ ವಿಷಯ ಸುಳ್ಳು," ಎಂದಳು. "ನಾನು ಕುಡುಕಿ."

ಬೆಂಚುಗಳಲ್ಲಿ ಕೂತವರಲ್ಲಿ ಅರ್ಧ ಜನ ಅವಳ ಜೊತೆ ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಉಳಿದರ್ಧ ಅಕ್ಕಪಕ್ಕದ ಮನೆಯವರು. ಯಾರಿಗೂ ಗೊತ್ತಿರಲಿಲ್ಲ, ಆ ಹಳೆಯ ಬದುಕನ್ನು ಅವಳು ಬೇರೆ ಊರಿನಲ್ಲಿ ಬಿಟ್ಟು ಬಂದಿದ್ದಳು.

"ಆರು ವರ್ಷದಿಂದ ಮುಟ್ಟಿಲ್ಲ. ನಮ್ಮಮ್ಮನ್ನ ಮಣ್ಣು ಮಾಡುವಾಗ ನಾನು ಚರ್ಚ್ ಹೊರಗಡೆ ಕಾರಲ್ಲಿ ಬಿದ್ಕೊಂಡಿದ್ದೆ. ಅವತ್ತೇ ಕೊನೆ. ಈ ಕೇರೀಲಿ ಮನೆ ಮಾಡಿದ್ದೇ, ಬಾಟ್ಲಿ ಇಡದ ಅಂಗಡಿ ಒಂದು ಇಲ್ಲಿದೆ ಅಂತ."

ಸದಸ್ಯರೊಬ್ಬರು ಮೆಲ್ಲಗೆ, ಊರಾಚೆಯ ದೊಡ್ಡ ಮಳಿಗೆಯಲ್ಲೂ ಮದ್ಯ ಇದೆಯಲ್ಲ, ಅಲ್ಲಿಗೆ ಹೇಗೆ ಹೋಗುತ್ತೀರಿ ಎಂದು ಕೇಳಿದರು. ಹೋಗುವುದಿಲ್ಲ, ಶನಿವಾರ ತಂಗಿಯ ಮಗಳು ತಂದುಕೊಡುತ್ತಾಳೆ ಎಂದಳು ವಿಲ್ಮಾ. ಆಮೇಲೆ ಗೋಡೆಯ ಮೇಲಿದ್ದ ಅಂಗಡಿಯ ನಕ್ಷೆಯತ್ತ ಕೈ ತೋರಿಸಿದಳು.

"ಬಾಟ್ಲಿ ಕಪಾಟು ಎಲ್ಲಿಡ್ತಾರೆ ನೋಡಿ. ಇಶ್ಬೆಲ್ ಬೆನ್ನ ಹಿಂದೆ. ನಾನು ದಿನಾ ಅವಳ ಮುಖ ನೋಡ್ಕೊಂಡು ಮಾತಾಡೋದು. ಇನ್ಮೇಲೆ ಆ ಮುಖದ ಸುತ್ತ ಅದೇ ಇರತ್ತೆ."

ಫರ್ಕರ್ ಇಶ್ಬೆಲ್‌ಳ ಕಡೆ ತಿರುಗಿದರು. ಬೇಡವೆಂದು ವಕೀಲ ಅವಳ ತೋಳು ಮುಟ್ಟಿದ. ಅವಳು ಎದ್ದೇಬಿಟ್ಟಳು.

"ಇದು ನಂಗೆ ಗೊತ್ತಿರ್ಲಿಲ್ಲ," ಎಂದಳು. "ಆದ್ರೆ ಅರ್ಜಿ ವಾಪಸ್ ತಗೊಳ್ಳಲ್ಲ. ಬರೀ ಬ್ರೆಡ್ಡು, ಪೇಪರು ಮಾರಿ ಅಂಗಡಿ ನಡಿಯಲ್ಲ. ಈ ಚಳಿಗಾಲ ಕಳೆಯೋದ್ರೊಳಗೆ ಬಾಗಿಲು ಹಾಕ್ಬೇಕಾಗತ್ತೆ. ಆಮೇಲೆ ಇವಳಿಗೆ ಇರೋದು ಆ ದೊಡ್ಡ ಮಳಿಗೆ ಒಂದೇ."

ಅಷ್ಟನ್ನೂ ಅವಳು ಅಧ್ಯಕ್ಷರಿಗೇ ಹೇಳಿದಳು. ವಿಲ್ಮಾಳ ಕಡೆ ನೋಡಲಿಲ್ಲ.

ಕಪಾಟನ್ನು ಬೇರೆ ಕಡೆ ಇಡಬಹುದೇ ಎಂಬ ಮಾತು ಬಂತು. ಕೌಂಟರಿನ ಹಿಂದಲ್ಲದೆ ಬೇರೆಲ್ಲೂ ಪೊಲೀಸರು ಒಪ್ಪುವುದಿಲ್ಲ ಎಂದು ಗುಮಾಸ್ತೆ ಓದಿ ಹೇಳಿದಳು. ಫರ್ಕರ್ ಸದಸ್ಯರ ಕೈ ಎತ್ತಿಸಿದರು. ಪರವಾನಗಿಯ ಪರ ಐದು, ವಿರುದ್ಧ ಎರಡು. ಮುಂದಿನದು ಗಾಲ್ಫ್ ಕ್ಲಬ್ಬಿನ ಅರ್ಜಿ. ವಿಲ್ಮಾ ಕೋಟು ಹಾಕಿಕೊಳ್ಳಲು ಹೋದರೆ ತೋಳು ಸಿಗಲೊಲ್ಲದು. ಯಾರೋ ಹಿಂದಿನಿಂದ ಹಿಡಿದುಕೊಟ್ಟು ಬೆನ್ನು ತಟ್ಟಿದರು. ಮೊದಲಿನ ನಗುವನ್ನಾದರೂ ಸಹಿಸಬಹುದಿತ್ತು, ಇದನ್ನಲ್ಲ ಅನ್ನಿಸಿತು ಅವಳಿಗೆ.

ಮೂರು ವಾರದ ಮೇಲೆ ಅಂಗಡಿಯ ಮುಂದೆ ಮದ್ಯದ ವ್ಯಾನು ಬಂದು ನಿಂತದ್ದನ್ನು ಅವಳು ಕಿಟಕಿಯಿಂದ ಕಂಡಳು. ಒಂದೊಂದೇ ಪೆಟ್ಟಿಗೆ ಒಳಗೆ ಹೋಯಿತು. ಆ ದಿನದಿಂದ ಅಂಗಡಿಗೆ ಹೋಗುವುದನ್ನು ಬಿಟ್ಟಳು. ಶನಿವಾರ ತಂಗಿಯ ಮಗಳು ತಂದ ಹಾಲು ಬುಧವಾರಕ್ಕೆ ಮುಗಿದು, ಮುಂದೆ ಕಪ್ಪು ಟೀ. ಇಶ್ಬೆಲ್ ಕೂಡ ಈ ಕಡೆ ಸುಳಿಯಲಿಲ್ಲ.

ಎರಡನೆಯ ವಾರದ ಒಂದು ಮಧ್ಯಾಹ್ನ ಅವಳು ಕೋಟು ಹಾಕಿಕೊಂಡಳು, ಚೀಲ ತೆಗೆದುಕೊಂಡಳು, ಚಿಲಕದ ಮೇಲೆ ಕೈಯಿಟ್ಟಳು. ಹಾಲಿಗೆ ಮಾತ್ರ ಎಂದು ಬಾಯಿಬಿಟ್ಟು ಹೇಳಿಕೊಂಡಳು. ಹಾಗೆ ಬಾಯಿಬಿಟ್ಟು ಹೇಳಿಕೊಳ್ಳಬೇಕಾಯಿತಲ್ಲ ಎಂದು ಹೊಳೆದದ್ದೇ ಮನೆಯೊಳಗಿನ ಮೆಟ್ಟಿಲ ಮೇಲೆ ಕೂತಳು. ಬಾಗಿಲಿನ ಗಾಜಿನಲ್ಲಿ ಬೆಳಕು ಕಂದುವವರೆಗೂ ಕೋಟು ಬಿಚ್ಚದೆ ಹಾಗೇ ಕೂತಿದ್ದಳು.

ಬೆಳಿಗ್ಗೆ ಹತ್ತಕ್ಕೆ ಮುಂಚೆ ಯಾವ ಅಂಗಡಿಯೂ ಮದ್ಯ ಮಾರುವಂತಿಲ್ಲ. ಕುಡಿಯುವ ದಿನಗಳಲ್ಲಿ ಆ ಹತ್ತು ಗಂಟೆಗಾಗಿ ಕಾದವಳು ಅವಳು. ಮರುದಿನ ಏಳೂವರೆಗೇ ಹೊರಟಳು. ಮಾರದಿದ್ದರೇನು, ಬಾಟಲಿಗಳು ಅಲ್ಲೇ ಇರುತ್ತವೆ. ಗಂಟೆ ಕಟ್ಟಿದ ಬಾಗಿಲನ್ನು ತಳ್ಳಿ, ನೆಲದ ಟೈಲುಗಳನ್ನೇ ನೋಡುತ್ತ ಕೌಂಟರಿನವರೆಗೆ ನಡೆದಳು. ಒಂದು ಹಾಲು ಎಂದಳು.

"ಇಷ್ಟು ದಿನ ಕಪ್ಪು ಟೀನೇ ಕುಡಿದ್ಯಾ?" ಎಂದಿತು ಇಶ್ಬೆಲ್‌ಳ ದನಿ. ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ.

ವಿಲ್ಮಾ ತಲೆ ಎತ್ತಿದಳು. ಇಶ್ಬೆಲ್‌ಳ ಹಿಂದಿನ ಕಪಾಟು ಕಾಣದಂತೆ, ಸೂರಿನಿಂದ ಕೆಳಗಿನವರೆಗೆ, ಮಾಸಿದ ನೀಲಿ ಹೂಗಳ ಹಾಸಿಗೆ ಬಟ್ಟೆಯೊಂದನ್ನು ಬಟ್ಟೆ ಒಣಗಿಸುವ ಕ್ಲಿಪ್ಪುಗಳಿಂದ ಸಿಕ್ಕಿಸಲಾಗಿತ್ತು. ಒಂದು ಕ್ಲಿಪ್ಪು ಕಳಚಿ, ಮೇಲಿನ ಮೂಲೆ ಜಾರುತ್ತಿತ್ತು. ಇಶ್ಬೆಲ್ ತಿರುಗದೆ, ಒಂದು ಕೈಯನ್ನು ಹಿಂದಕ್ಕೆ ಎತ್ತಿ ಆ ಮೂಲೆಯನ್ನು ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಹಾಲನ್ನು ಮುಂದಕ್ಕೆ ದೂಡಿದಳು.